ಯಾಯ್ ಲಮಾಯ್ ಮತ್ತು ಜ್ವರ ಇಳಿದ ಬೆಳಗು

ನಮ್ಮ ಫೋಥಾರಾಮ್ ಪೇಟೆಯಲ್ಲಿ ಉಪ್ಪು ಹಾಕಿ ಒಣಗಿಸಿದ ಮೂಲಂಗಿ ಮಾರುತ್ತಿದ್ದ ಲಮಾಯ್‌ಳನ್ನು ಎಲ್ಲರೂ ಯಾಯ್, ಅಂದರೆ ಅಜ್ಜಿ, ಎಂದೇ ಕರೆಯುತ್ತಿದ್ದರು. ಅವಳು ನಡೆದದ್ದನ್ನು ನಾನು ಕಂಡವನಲ್ಲ. ಎಲ್ಲಿಗೆ ಹೋದರೂ ಓಟವೇ. ಗಿರಾಕಿ ಬಾಯಿ ತೆರೆಯುವ ಮೊದಲೇ ಮೂಲಂಗಿಯ ಪೊಟ್ಟಣ ಅವರ ಚೀಲದೊಳಗೆ ಬಿದ್ದಿರುತ್ತಿತ್ತು. ಮಗಳು ಬ್ಯಾಂಕಾಕಿನ ಹೊಲಿಗೆ ಕಾರ್ಖಾನೆಯಲ್ಲಿ ದುಡಿಯುತ್ತಿದ್ದುದರಿಂದ ಮೊಮ್ಮಗಳು ಕುಂಗ್ ಇವಳ ಬಳಿಯಲ್ಲೇ ಬೆಳೆಯುತ್ತಿದ್ದಳು. ಕುಂಗ್ ಎಂದರೆ ಸಿಗಡಿ. ನನ್ನ ತರಗತಿಯಲ್ಲಿ ಅವಳಷ್ಟು ಪ್ರಶ್ನೆ ಕೇಳುವವರು ಮತ್ತೊಬ್ಬರಿರಲಿಲ್ಲ.

ಆ ವರ್ಷದ ಮಳೆಗಾಲದಲ್ಲಿ ಬೆಂಚುಗಳು ಒಂದೊಂದಾಗಿ ಖಾಲಿಯಾದವು. ಎಲ್ಲೆಲ್ಲೂ ಡೆಂಗಿ. ಕುಂಗ್‌ಳಿಗೂ ಬಂದಿತು. ಡಾಕ್ಟರ್ ಪಿಯರತ್ ರಕ್ತ ಪರೀಕ್ಷೆ ಮಾಡಿ, ಅವಳನ್ನು ಮನೆಗೆ ಕಳುಹಿಸುವಾಗ ಎಚ್ಚರಿಸಿದ್ದಳು.

"ಜ್ವರ ಇಳಿದ ಕೂಡ್ಲೆ ಕರ್ಕೊಂಡು ಬನ್ನಿ ಯಾಯ್, ಮತ್ತೆ ರಕ್ತ ನೋಡ್ಬೇಕು. ಕೆಂಪಗಿರೋದು, ಕಪ್ಪಗಿರೋದು ಏನನ್ನೂ ಕುಡಿಸ್ಬೇಡಿ."

"ಜ್ವರ ಇಳಿದ್ಮೇಲೆ ಆಸ್ಪತ್ರೆ ಯಾಕಮ್ಮ? ಊಟ ಮುಗಿದ್ಮೇಲೆ ಯಾರಾದ್ರೂ ಅಕ್ಕಿ ತೊಳೀತಾರಾ?" ಎಂದು ನಕ್ಕು ಬಂದಿದ್ದಳು ಯಾಯ್.

ಮನೆಯ ಮುಂದಿನ ಕಂಬದ ಮೇಲೆ ಸ್ಥಳದೇವತೆಯ ಪುಟ್ಟ ಗುಡಿ. ಜ್ವರ ಇಳಿದರೆ ಕೆಂಪು ಶರಬತ್ತು ಕೊಡುತ್ತೇನೆಂದು ಅವಳು ಅದಕ್ಕೆ ಹರಕೆ ಹೊತ್ತಳು. ಒಂದು ಬೆಳಗ್ಗೆ ಓಣಿಯೇ ಎದ್ದು ಕೂರುವಂತೆ ಕೂಗು ಕೇಳಿಸಿತು.

"ಇಳೀತು! ಮೇಷ್ಟ್ರೇ, ಬನ್ನಿ, ಹಣೆ ಮುಟ್ಟಿ ನೋಡಿ! ಬಾಳೆ ಎಲೆ ಹಾಗೆ ತಣ್ಣಗಿದೆ!"

ನಾನು ಓಡಿಹೋದೆ. ಊದುಬತ್ತಿ ಹೊಗೆಯಾಡುತ್ತಿತ್ತು. ಶರಬತ್ತಿನ ಬಾಟಲಿಗಳು ಸ್ಟ್ರಾ ಸಿಕ್ಕಿಸಿಕೊಂಡು ಗುಡಿಯ ಮುಂದೆ ಸಾಲಾಗಿ ನಿಂತಿದ್ದವು. ಊದುಬತ್ತಿ ಆರಿದ ಮೇಲೆ ಯಾಯ್ ದೇವತೆಯ ಅಪ್ಪಣೆ ಕೇಳಿ ಒಂದು ಬಾಟಲಿಯನ್ನು ತೆಗೆದುಕೊಂಡಳು. ದೇವರು ಕುಡಿದುಳಿದದ್ದು ಕೆಂಪೆಂದು ಅವಳಿಗೆ ಹೊಳೆಯಲೇ ಇಲ್ಲ!

"ಕುಡಿ ನನ್ನ ಸಿಗಡಿ, ದೇವರ ಪ್ರಸಾದ."

"ಬೇಡ ಯಾಯ್. ಹೊಟ್ಟೆ ನೋಯ್ತಿದೆ."

"ಅದು ಹಸಿವು ಕಣೇ!"

ಹುಡುಗಿ ಅರ್ಧ ಕುಡಿದಳು. ಪ್ರಶ್ನೆ ಕೇಳದೆ ಮಲಗಿಬಿಟ್ಟಳು. ಮರುಕ್ಷಣವೇ ಎದ್ದು ವಾಂತಿ ಮಾಡಿಕೊಂಡಳು. ಚಾಪೆ ತುಂಬ ಕೆಂಪು!

"ರಕ್ತ! ಅಯ್ಯೋ, ರಕ್ತ!" ಎಂದು ಯಾಯ್ ಚೀರಿದಳು.

ಪಕ್ಕದ ಮನೆಯ ಚುವನ್ ತರಕಾರಿ ಸಾಗಿಸುವ ತನ್ನ ಗಾಡಿಯನ್ನು ಆಗಲೇ ಹೊರಡಿಸಿದ್ದ. ಕುಂಗ್‌ಳನ್ನು ಎತ್ತಿಕೊಂಡು ಹಿಂದೆ ಹತ್ತಿದೆವು. ಮಳೆನೀರು ಎರಡೂ ಕಡೆ ಚಿಮ್ಮಿತು, ಸಂತೆಯ ಕೊಡೆಗಳು ಸರಸರನೆ ಮಡಚಿಕೊಂಡವು. ಯಾಯ್ ನಿಂತುಕೊಂಡೇ ಬೊಬ್ಬೆ ಹೊಡೆಯುತ್ತಿದ್ದಳು.

"ದಾರಿ ಬಿಡ್ರೋ! ಕಿವಿ ಕೇಳ್ಸಲ್ವಾ?"

"ಯಾಯ್, ಕೂತ್ಕೊಳ್ಳಿ! ನೀವೂ ಬಿದ್ರೆ ಎರಡು ಮಂಚ ಕೇಳ್ಬೇಕಾಗುತ್ತೆ!" ಎಂದು ಚುವನ್ ಕಿರುಚಿದ.

"ನಾನು ಬಿದ್ರೆ ಬಿಟ್ಟು ಹೋಗೋ! ಗಾಡಿ ನಿಲ್ಲಿಸಿದ್ಯೋ, ನೋಡು ಆಮೇಲೆ!"

ಹುಡುಗಿಯ ಪಾದಗಳು ನನ್ನ ತೊಡೆಯ ಮೇಲಿದ್ದವು. ಆ ಸೆಕೆಯಲ್ಲೂ ಅವು ಹೊಳೆಯಿಂದ ಆಗತಾನೆ ತೆಗೆದ ಮೀನಿನಂತೆ ತಣ್ಣಗೆ ಒದ್ದೆಯಾಗಿದ್ದವು.

ಆಸ್ಪತ್ರೆಯ ಬಾಗಿಲಿಗೇ ಪಿಯರತ್ ಓಡಿಬಂದಳು. ಕುಂಗ್‌ಳ ಅಂಗಿಯ ಮೇಲಿನ ಕಲೆಯನ್ನು ನೋಡಿದಳು, ಮೂಸಿದಳು.

"ಇದು ರಕ್ತ ಅಲ್ಲ, ಶರಬತ್ತು. ಅದಕ್ಕೇ ಕೆಂಪಗಿರೋದು ಬೇಡ ಅಂದಿದ್ದು ಯಾಯ್. ವಾಂತಿಯಾದ್ರೆ ಯಾವುದು ರಕ್ತ, ಯಾವುದು ಬಣ್ಣ ಅಂತ ಹೇಗೆ ತಿಳಿಯೋದು?"

ಯಾಯ್ ನೆಲದ ಮೇಲೆ ಕುಸಿದು ಕುಳಿತಳು, ಅಳುತ್ತಲೇ ನಗತೊಡಗಿದಳು. "ಬರೀ ಶರಬತ್ತು! ಚುವನ್, ಗಾಡಿ ತಿರುಗ್ಸೋ, ಮನೆಗೆ ಹೋಗೋಣ!"

ಡಾಕ್ಟರು ನಗಲಿಲ್ಲ. ಅವಳು ಮಗುವಿನ ಬೆರಳಿನ ಉಗುರನ್ನು ಒತ್ತಿ ಬಿಟ್ಟು ನೋಡುತ್ತಿದ್ದಳು. ಬೆಳ್ಳಗಾದ ಉಗುರಿಗೆ ಬಣ್ಣ ಮರಳಲು ಬಹಳ ಹೊತ್ತು ಹಿಡಿಯಿತು.

"ಮನೆಗಾ? ಯಾಯ್, ಈ ಕಾಲು ಮುಟ್ಟಿ. ಜ್ವರ ಇಳಿಯೋ ಹೊತ್ತೇ ಗಂಡಾಂತರದ ಹೊತ್ತು. ರಕ್ತದಲ್ಲಿರೋ ನೀರು ನಾಳದಿಂದ ಹೊಟ್ಟೆಯೊಳಗೆ ಸೋರ್ತಿದೆ. ಈ ಶರಬತ್ತಿನ ಗಾಬರಿ ಇಲ್ದಿದ್ರೆ ನೀವು ಬರ್ತಾನೇ ಇರ್ಲಿಲ್ಲ!"

ಆಮೇಲೆ ಯಾರೂ ನಿಂತಲ್ಲಿ ನಿಲ್ಲಲಿಲ್ಲ. ನರಗಳು ಕುಗ್ಗಿಹೋಗಿದ್ದವು. ಸೂಜಿ ಒಂದು ಕೈಯಲ್ಲಿ ನಾಟಲಿಲ್ಲ. ಇನ್ನೊಂದು ಕೈಯಲ್ಲೂ ಜಾರಿತು. ಮೊಣಕೈಯ ಬಳಿ ಕೊನೆಗೆ ಸಿಕ್ಕಿತು! ಸಲೈನು ಸುರಿಯತೊಡಗಿತು. ನರ್ಸು ಬೆರಳು ಚುಚ್ಚಿ, ಹನಿ ರಕ್ತವನ್ನು ಸಣ್ಣ ಗಾಜಿನ ಕೊಳವೆಗೆ ತುಂಬಿಕೊಂಡು, ಅದನ್ನು ತಿರುಗಿಸುವ ಯಂತ್ರದ ಕಡೆಗೆ ಓಡಿದಳು. ಬಂದು, "ರಕ್ತ ತುಂಬ ಗಟ್ಟಿಯಾಗಿದೆ" ಎಂದಳು.

"ಗಟ್ಟಿಯಾದ್ರೆ ಒಳ್ಳೇದೇ ಅಲ್ವಾ? ಶಕ್ತಿ ಬಂತು!" ಯಾಯ್ ಮತ್ತೆ ಅರಳಿದಳು.

"ನಿಮ್ಮ ಮೂಲಂಗಿ ಯಾವಾಗ ಗಟ್ಟಿಯಾಗುತ್ತೆ?" ಎಂದು ಕೇಳಿದಳು ಪಿಯರತ್.

"ಉಪ್ಪು ನೀರನ್ನೆಲ್ಲ ಎಳ್ಕೊಂಡ್ಮೇಲೆ..." ಯಾಯ್‌ಳ ಮಾತು ಅಲ್ಲಿಗೇ ನಿಂತಿತು. ಅವಳು ಬಾಯಿಗೆ ಹೆಗಲ ವಸ್ತ್ರ ಒತ್ತಿಕೊಂಡು ಮಂಚದ ಪಕ್ಕ ಕುಳಿತಳು. "ಉಳೀತಾಳಾ? ಹೇಗೆ ಗೊತ್ತಾಗುತ್ತೆ?" ಎಂದಳು.

"ಉಚ್ಚೆ ಹೊಯ್ಯಬೇಕು. ಹೊಯ್ದ್ರೆ ಹಾಕಿದ ನೀರು ಸೋರದೆ ರಕ್ತದಲ್ಲೇ ನಿಲ್ತಿದೆ ಅಂತ ಅರ್ಥ."

ಯಾಯ್ ಬೆಡ್‌ಪ್ಯಾನನ್ನು ಮಡಿಲಲ್ಲಿಟ್ಟುಕೊಂಡು ಕುಳಿತಳು. ಗದರಿಸಿದಳು, ಗೋಗರೆದಳು, ಬಾಯಲ್ಲಿ ಸುಯ್ ಎಂದು ಸದ್ದು ಮಾಡಿದಳು. ಮಗು ಕಣ್ಣು ಬಿಡಲಿಲ್ಲ. ಬೆರಳು ಚುಚ್ಚಿದರು, ಸಲೈನು ಬದಲಿಸಿದರು, ಮತ್ತೆ ಚುಚ್ಚಿದರು. ಬಿಸಿಲು ಕಿಟಕಿಯಿಂದ ಕಿಟಕಿಗೆ ಸರಿಯಿತು. ಆಗ ಒಂದು ಸಣ್ಣ ದನಿ ಕೇಳಿಸಿತು.

"ಯಾಯ್, ಅದನ್ನ್ಯಾಕೆ ತಬ್ಕೊಂಡಿದ್ದೀಯಾ? ಕೊಡು, ಅವಸರ ಆಗಿದೆ."

"ಹೊಯ್ದಳು! ನನ್ನ ಸಿಗಡಿ ಉಚ್ಚೆ ಹೊಯ್ದಳು!"

ವಾರ್ಡಿನ ತಾಯಂದಿರೆಲ್ಲ ಚಪ್ಪಾಳೆ ತಟ್ಟಿದರು. ಚುವನ್ ಕಣ್ಣೊರೆಸಿಕೊಂಡು, "ಇಷ್ಟು ಸಂಭ್ರಮ ನಾನು ಮದುವೆಯಾದಾಗಲೂ ಆಗಿರ್ಲಿಲ್ಲ" ಎಂದ. ಆದರೆ ಪಿಯರತ್ ಬಂದು ಸಲೈನಿನ ಓಟವನ್ನು ತಗ್ಗಿಸಿದಾಗ ಯಾಯ್ ಅವಳ ಕೈಯನ್ನೇ ಹಿಡಿದಳು.

"ಅದನ್ನ್ಯಾಕೆ ಕಮ್ಮಿ ಮಾಡ್ತೀಯಮ್ಮ? ಹರೀಲಿ ಬಿಡು!"

"ಸೋರಿದ ನೀರು ಇನ್ನು ತಾನಾಗೇ ವಾಪಸ್ ಬರುತ್ತೆ ಯಾಯ್. ಇನ್ನೂ ಸುರಿದ್ರೆ ಶ್ವಾಸಕೋಶಕ್ಕೆ ತುಂಬ್ಕೊಳ್ಳುತ್ತೆ."

ಯಾಯ್ ಕೈ ಬಿಟ್ಟಳು. ಅಷ್ಟರಲ್ಲಿ ಪಕ್ಕದ ಮಂಚದ ತಾಯಿ ಚೀಲ ಕಟ್ಟಿಕೊಂಡು ಎದ್ದಿದ್ದಳು. ಮುಖ ತುಂಬ ನಗು. "ನಮ್ಮವನ ಜ್ವರಾನೂ ಇಳೀತು ಯಾಯ್, ನಾವಿನ್ನು ಹೊರಟ್ವಿ" ಎಂದಳು.

ಯಾಯ್ ಒಂದೇ ನೆಗೆತಕ್ಕೆ ಅವಳ ದಾರಿಗೆ ಅಡ್ಡ ನಿಂತಳು.

"ಚೀಲ ಕೆಳಗಿಡೇ! ಮೊದ್ಲು ಮಗು ಕಾಲು ತೋರ್ಸು."