ಹಿಟ್ಟಿನ ಚೀಲ ಹಿಡಿದು ಮನೆ ನೋಡಲು ಹೋದವಳು

ಮನೆ ಕೊಳ್ಳುವವರು ನೋಡಲು ಹೋಗುವಾಗ ಕೆಲವರು ಅಳತೆ ಟೇಪು ಒಯ್ಯುತ್ತಾರೆ, ಕೆಲವರು ವಾಸ್ತು ಬಲ್ಲವರನ್ನು ಕರೆದೊಯ್ಯುತ್ತಾರೆ. ಕೊಪ್ಪಳದ ಸರಕಾರಿ ಹೈಸ್ಕೂಲಿನಲ್ಲಿ ಗಂಟೆ ಹೊಡೆಯುವ ದುರಗಮ್ಮ ಒಯ್ಯುತ್ತಿದ್ದದ್ದು ಒಂದು ಚೀಲ ಜೋಳದ ಹಿಟ್ಟು.

ನಗಬೇಡಿ, ಅದಕ್ಕೆ ಕಾರಣವಿದೆ. ಹನ್ನೊಂದು ವರ್ಷದಿಂದ ಅವಳದು ಬಾಡಿಗೆ ಮನೆ. ಮಾಲೀಕರು ಮೇಲಿನ ಮಹಡಿಯಲ್ಲಿ. ಇವಳು ರೊಟ್ಟಿ ಬಡಿಯಲು ಕೂತಳೆಂದರೆ ಮೇಲಿಂದ ಕೋಲಿನಲ್ಲಿ ಮೂರು ಸಲ ಕುಟ್ಟುವರು. ಸಪ್ಪಳ ನಿಲ್ಲಿಸು ಎಂದರ್ಥ. ಶಾಲೆಯಲ್ಲಿ ಇಡೀ ಓಣಿಗೆ ಕೇಳುವಂತೆ ಗಂಟೆ ಹೊಡೆಯುವ ಕೈ, ಮನೆಯಲ್ಲಿ ಮೂರೇ ಬೆರಳಲ್ಲಿ ಹಿಟ್ಟು ಒತ್ತುತ್ತಿತ್ತು. ಆ ರೊಟ್ಟಿಯೋ, ದೇವರಿಗೇ ಪ್ರೀತಿ! ಗಂಡ ಮರಿಸ್ವಾಮಿ ಹನ್ನೊಂದು ವರ್ಷ ತುಟಿಪಿಟಕ್ಕೆನ್ನದೆ ಅಗಿದ. ತೆಳ್ಳಗೆ ರೊಟ್ಟಿ ಬಡಿಯುವುದರಲ್ಲಿ ತವರೂರು ಹಿಟ್ನಾಳಕ್ಕೇ ಹೆಸರಾಗಿದ್ದ ಹೆಣ್ಣಿಗೆ ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚುತ್ತಿತ್ತು. ಕೊಂಡರೆ ಕೈ ತುಂಬ ರೊಟ್ಟಿ ಬಡಿಯಬಹುದಾದ ಮನೆಯನ್ನೇ ಕೊಳ್ಳಬೇಕೆಂದು ಅವಳು ಹಟ ಹಿಡಿದಿದ್ದಳು.

ಅದನ್ನು ಬಡಿದೇ ನೋಡಬೇಕಲ್ಲ? ಮೊದಲನೆಯ ಮನೆಯವರು ಚೀಲ ನೋಡಿ ನಕ್ಕರು. ಎರಡನೆಯವರು ಒಲೆ ಮುಟ್ಟಗೊಡಲಿಲ್ಲ. ಮೂರನೆಯ ಮನೆಯಲ್ಲಿ ಒಂದು ರೊಟ್ಟಿ ಬಡಿಯುವಷ್ಟರಲ್ಲಿ ಪಕ್ಕದ ಮನೆಯವನು ಕಿಟಕಿ ಧಡಾರನೆ ಮುಚ್ಚಿಕೊಂಡ. ದುರಗಮ್ಮ ಹಿಟ್ಟು ಕಟ್ಟಿಕೊಂಡು ಎದ್ದುಬಂದಳು.

ನಾಲ್ಕನೆಯದನ್ನು ದಲಾಲಿ ಗಾಳೇಶ ಗೊತ್ತುಮಾಡಿದ್ದ. ಭಾನುವಾರ ಹತ್ತೂವರೆಗೆ ಬನ್ನಿ ಎಂದಿದ್ದ. ಬೆಳಗಿನ ಸೂರ್ಯನ ಬೆಳಕು ಯಾವ ಕೋಣೆಗೆ ಬೀಳುತ್ತದೆಂದು ನೋಡುವ ಹುಚ್ಚು ಮರಿಸ್ವಾಮಿಗೆ. ಎಂಟಕ್ಕೇ ಹೆಂಡತಿಯನ್ನು ಹೊರಡಿಸಿಕೊಂಡು ಬಂದ. ಬಂದವನೇ ಫೋನಿನಲ್ಲಿ ದಿಕ್ಸೂಚಿ ತೆರೆದು ಅಂಗಳದಲ್ಲಿ ಗಿರಗಿರ ತಿರುಗತೊಡಗಿದ.

ದುರಗಮ್ಮ ಒಬ್ಬಳೇ ಬಾಗಿಲಿಗೆ ಹೋದಳು. ಮನೆಯ ಯಜಮಾನಿ ವಿರೂಪಾಕ್ಷಮ್ಮ ಹಿಟ್ಟಿನ ಚೀಲ ಕಂಡು ಅರಳಿಬಿಟ್ಟರು.

"ಬಾರವ್ವ, ಬಾ! ನಿನ್ನ ಹಾದೀನ ಕಾಯಾಕತ್ತಿದ್ದೆ. ಎಸರು ಕುದಿಯಾಕತ್ತೈತಿ, ಕುಂದ್ರು."

ಹಂಚು ಕಾದಿತ್ತು, ಹಲಗೆ ತೊಳೆದಿತ್ತು. ದುರಗಮ್ಮನಿಗೆ ಕಣ್ಣು ತುಂಬುವುದೊಂದು ಬಾಕಿ. ಗಾಳೇಶ ತನ್ನ ಪರೀಕ್ಷೆಯ ವಿಷಯ ಮೊದಲೇ ಹೇಳಿಟ್ಟಿದ್ದಾನೆ, ಬಂಗಾರದಂಥ ಮನುಷ್ಯ ಎಂದುಕೊಂಡಳು. ಹಿಟ್ಟು ನಾದಿ, ಮುದ್ದೆ ಮುರಿದು, ಅಂಗೈಯಗಲಿಸಿ ಬಡಿದಳು. ಪಟಪಟ! ಗೋಡೆ ಗುಂಯ್ ಎಂದಿತು. ಯಾರೂ ಕುಟ್ಟಲಿಲ್ಲ. ಇನ್ನೊಂದು ಬಡಿದಳು. ರೊಟ್ಟಿ ಹಂಚಿನಗಲ ಹರಡಿ ಉಬ್ಬಿತು. ವಿರೂಪಾಕ್ಷಮ್ಮ ಮತ್ತಷ್ಟು ಹಿಟ್ಟು ತಂದು ಸುರಿದರು. ಹತ್ತನೆಯ ರೊಟ್ಟಿಗೆ ದುರಗಮ್ಮನಿಗೆ ಸಣ್ಣ ಅನುಮಾನ ಬಂದಿತ್ತು, ಆದರೆ ಕೈ ಕೇಳಬೇಕಲ್ಲ! ಹನ್ನೊಂದು ವರ್ಷದ ಹಸಿವು ಅದಕ್ಕೆ. ಇಪ್ಪತ್ತಾಯಿತು, ಮೂವತ್ತಾಯಿತು, ಬಳೆಗಳೂ ಹಲಗೆಯೂ ಕೂಡಿ ಕುಣಿದವು.

ಆಗ ಬಾಗಿಲಲ್ಲಿ ಇನ್ನೊಬ್ಬ ಹೆಂಗಸು ಏದುಸಿರು ಬಿಡುತ್ತ ನಿಂತಳು.

"ತಪ್ಪಾತ್ರಿ ಅಮ್ಮಾರ, ಬಸ್ಸು ತಪ್ಪಿತ್ರಿ. ತೊಟ್ಟಿಲ ಕಾರ್ಯಕ್ಕ ರೊಟ್ಟಿ ಬಡಿಯಾಕ ಕರೆದಿದ್ರಲ್ಲಾ, ನಾನ್ರಿ."

ದುರಗಮ್ಮನ ಕೈ ಅಲ್ಲೇ ನಿಂತಿತು. ವಿರೂಪಾಕ್ಷಮ್ಮ ಇವಳ ಮುಖವನ್ನೊಮ್ಮೆ ಅವಳ ಮುಖವನ್ನೊಮ್ಮೆ ನೋಡಿದರು. "ಹಂಗಾದ್ರ ನೀ ಯಾರವ್ವ?"

"ನಾ ಮನಿ ನೋಡಾಕ ಬಂದಾಕಿ ರೀ..."

"ಅಯ್ಯ ನನ್ನ ಶಿವನ! ಮನಿ ತಗೊಳ್ಳಾಕ ಬಂದಾರನ್ನ ಒಲಿ ಮುಂದ ಕುಂದ್ರಿಸಿದೆನಲ್ಲ! ಏಳ್ರೆವ್ವಾ, ಏಳ್ರಿ!" ವಿರೂಪಾಕ್ಷಮ್ಮ ಹಣೆ ಹಣೆ ಬಡಿದುಕೊಂಡರು. ಮೂವರೂ ಹೊಟ್ಟೆ ಹಿಡಿದು ನಕ್ಕರು. ದುರಗಮ್ಮನ ಮೂಗಿಗೂ ಹಿಟ್ಟು ಹತ್ತಿತು.

ಅಷ್ಟರಲ್ಲಿ ಪಕ್ಕದ ಗೋಡೆ ಸದ್ದು ಮಾಡಿತು. ಟಕ್, ಟಕ್, ಟಕ್.

ಮೂರು ಸಲ. ದುರಗಮ್ಮ ಹಲಗೆಯನ್ನು ಬದಿಗೆ ಸರಿಸಿದಳು. ಇಲ್ಲಿಯೂ ಅಷ್ಟೇ, ತನ್ನ ಹಣೆಬರಹವೇ ಇಷ್ಟು ಎಂದುಕೊಂಡು ಉಳಿದ ಹಿಟ್ಟಿನ ಚೀಲದ ಬಾಯಿ ಕಟ್ಟತೊಡಗಿದಳು.

"ಜರೀನಾ, ಏನವ್ವ ಅದು?" ಎಂದು ವಿರೂಪಾಕ್ಷಮ್ಮ ಹಿತ್ತಲ ಬಾಗಿಲಿಗೆ ಹೋಗಿ ಕೂಗಿದರು.

ಗೋಡೆಯಾಚೆಯಿಂದ ಉತ್ತರ ಬಂತು. "ಏನಿಲ್ರಿ, ಯಾಕ ನಿಲ್ಲಿಸಿದ್ರಿ ಅಂತ ಕೇಳಿದ್ನಿ! ಆ ಸಪ್ಪಳ ಕೇಳ್ಕೋತ ನಮ್ಮ ಕೂಸು ಮಲಗಿತ್ತು, ಈಗ ಎದ್ದು ಅಳಾಕತ್ತೈತಿ. ಇನ್ನೊಂದೆರಡು ಬಡೀರಿ, ನನಗೂ ಎರಡು ಬಿಸಿವು ಕೊಡ್ರಿ!"

ದುರಗಮ್ಮ ಚೀಲದ ಗಂಟು ಬಿಚ್ಚಿದಳು. ಕಿಟಕಿಯಾಚೆ ಗಂಡ ಇನ್ನೂ ಈಶಾನ್ಯ ಹುಡುಕುತ್ತಿದ್ದ.

"ಏನ್ರಿ, ಆ ಫೋನು ಕಿಸೆದಾಗ ಇಟ್ಟು ಒಳಗ ಬರ್ರಿ. ತೆಳ್ಳನ್ನ ರೊಟ್ಟಿ ಆಗ್ಯಾವು. ನಮ್ಮ ಮನಿಯಾಗ ಕುಂತು ಉಣ್ರಿ."