ನಾವು ಲೆಕ್ಕ ಬರೆಯುವ ರೀತಿ

ಅವರ ಬಲಗೈಯ ತೋರುಬೆರಳಿಗೆ ಯಾವಾಗಲೂ ಒಂದು ಹಸಿರು ರಬ್ಬರಿನ ಟೊಪ್ಪಿಗೆ. ಬ್ಯಾಂಕಿನಲ್ಲಿ ನೋಟು ಎಣಿಸುವವರು ಹಾಕಿಕೊಳ್ಳುತ್ತಾರಲ್ಲ, ಮೈತುಂಬ ಸಣ್ಣ ಸಣ್ಣ ಗುಳ್ಳೆಗಳಿರುವಂಥದ್ದು. ಊಟಕ್ಕೆ ಕೂತಾಗ ಅದನ್ನು ತೆಗೆದು ಪೆನ್ನಿನ ತಲೆಗೆ ಸಿಕ್ಕಿಸಿಡುತ್ತಿದ್ದರು. ಕೈ ತೊಳೆದು, ಸೆರಗಿನಲ್ಲಿ ಒರೆಸಿಕೊಂಡ ಮೇಲೆ ಮತ್ತೆ ಬೆರಳಿಗೆ. ಟೊಪ್ಪಿಗೆ ಬೆರಳೇರಿತೆಂದರೆ ಹರಟೆ ಮುಗಿಯಿತು ಎಂದು ಅರ್ಥ.

ನಾವೆಲ್ಲ ಅವರನ್ನು ಲೆಕ್ಕದ ಅಕ್ಕೋರು ಎನ್ನುತ್ತಿದ್ದೆವು. ಸೊರಬದವರು. ಕಾಲೇಜಿನಲ್ಲಿ ವಾಣಿಜ್ಯ ಪಾಠ ಹೇಳಿ ನಿವೃತ್ತರಾದ ಮೇಲೆ ವಾರಕ್ಕೆರಡು ದಿನ ಬಸ್ಸು ಹತ್ತಿ ಶಿಕಾರಿಪುರಕ್ಕೆ, ನಮ್ಮ ಅಂಗಡಿಯ ಲೆಕ್ಕ ಬರೆಯಲು ಬರುತ್ತಿದ್ದರು. ಅಂಗಡಿ ಎನ್ನುವುದು ನನ್ನ ಬಾಯಿಯ ರೂಢಿ. ಕಾಗದದ ಮೇಲೆ ಅದು ಕಂಪನಿ. ನಮ್ಮನೆಯವರು ಮತ್ತು ನನ್ನ ಮೈದುನ, ಇಬ್ಬರದೂ ಸಮಪಾಲು. ಎರಡೂ ತಾಲ್ಲೂಕಿನ ಹೈಸ್ಕೂಲು, ಕಾಲೇಜುಗಳ ಲ್ಯಾಬಿಗೆ ಬೇಕಾದ ಬೀಕರು, ಗಾಜಿನ ನಳಿಗೆ, ಮೈಕ್ರೋಸ್ಕೋಪು, ಆಸಿಡ್ಡಿನ ಬಾಟಲಿ ಎಲ್ಲ ನಮ್ಮಲ್ಲಿಂದಲೇ ಹೋಗುತ್ತಿದ್ದವು. ಗೋಡೌನು ಮನೆಯ ಹಿಂದೆಯೇ ಇದ್ದುದರಿಂದ ಅಕ್ಕೋರ ಮಧ್ಯಾಹ್ನದ ಊಟ ನಮ್ಮ ಮನೆಯಲ್ಲಿ. ರೊಟ್ಟಿ ಎಷ್ಟು ಹಾಕಿದರೂ ಎರಡೇ ತಿನ್ನುವುದು. ಮೂರನೆಯದಕ್ಕೆ ಕೈ ಅಡ್ಡ ಹಿಡಿದು, "ಸಾಕು ಮಾರಾಯ್ತಿ, ಬಸ್ಸಿನಲ್ಲಿ ನಿದ್ದೆ ಬಂದರೆ ಶಿರಾಳಕೊಪ್ಪದ ಮೆಣಸಿನಕಾಯಿ ಬಜ್ಜಿ ತಪ್ಪಿಹೋಗ್ತದೆ" ಎನ್ನುತ್ತಿದ್ದರು.

ಅವರ ಫೈಲಿನ ಮೊದಲ ಹಾಳೆಯಲ್ಲಿ ಅಂಕಿ ಒಂದೂ ಇರಲಿಲ್ಲ. 'ನಾವು ಲೆಕ್ಕ ಬರೆಯುವ ರೀತಿ' ಎಂದು ಮೇಲೆ ದುಂಡಗೆ ಬರೆದು, ಕೆಳಗೆ ನಾಲ್ಕು ನಿಯಮ. ಮಾಲನ್ನು ಕೈಯಿಂದ ಮುಟ್ಟಿ ಎಣಿಸಬೇಕು, ಕೊಂಡ ಬೆಲೆಗೆ ಬರೆಯಬೇಕು, ಅಷ್ಟು ಬಾಳದಿದ್ದರೆ ಮಾತ್ರ ಇಳಿಸಬೇಕು. ಕೊಂಡವರು ಪೆಟ್ಟಿಗೆ ಬಿಚ್ಚಿ ನೋಡಿ ಸಹಿ ಹಾಕಿದಾಗಲೇ ಅದು ಮಾರಾಟ. ವರ್ಷ ಮುಗಿಯುವ ಮಾರ್ಚಿನಲ್ಲಿ ಹೇಗೋ, ನಡುವಿನ ಸೆಪ್ಟೆಂಬರಿನಲ್ಲೂ ಹಾಗೇ. ಯಾವ ನಿಯಮವನ್ನಾದರೂ ಬದಲಾಯಿಸುವುದಾದರೆ ಯಾಕೆಂದು ಬರೆದು ಎಲ್ಲರೂ ಸಹಿ ಹಾಕಬೇಕು. ವಿಭೂತಿ ಹಚ್ಚಿಕೊಳ್ಳದೆ ನಾವು ಪೂಜೆಗೆ ಕೂರುವುದಿಲ್ಲವಲ್ಲ, ಹಾಗೆ ಈ ಹಾಳೆಯನ್ನು ಗಟ್ಟಿಯಾಗಿ ಓದದೆ ನಮ್ಮಲ್ಲಿ ಎಣಿಕೆ ಶುರುವಾಗುತ್ತಿರಲಿಲ್ಲ. ಓದುವ ಪಾಳಿ ನನ್ನದು. "ಬ್ಯಾಂಕಿಗೆ ಕೊಡೋ ಆರು ತಿಂಗಳ ಲೆಕ್ಕಕ್ಕೆ ಇಷ್ಟೆಲ್ಲ ಯಾಕ್ರೀ?" ಎಂದು ಒಮ್ಮೆ ಕೇಳಿದ್ದೆ. "ಇದು ಅರ್ಧ ವರ್ಷದ ಲೆಕ್ಕ ರೀ, ಅರೆಬರೆ ಲೆಕ್ಕ ಅಲ್ಲ" ಎಂದಿದ್ದರು.

ಕೆಲವು ವರ್ಷದ ಹಿಂದೆ ಮೈದುನ ತನ್ನ ಪಾಲು ತೆಗೆದುಕೊಂಡು ಸೊರಬದಲ್ಲಿ ಬೇರೆ ಅಂಗಡಿ ಹಾಕುತ್ತೇನೆಂದ. ತಪ್ಪೇನಿರಲಿಲ್ಲ, ಅವನ ಹೆಂಡತಿಯ ತವರೂ ಅಲ್ಲೇ. ಸೆಪ್ಟೆಂಬರ್ ಕೊನೆಯ ಲೆಕ್ಕ ಏನು ಹೇಳುತ್ತದೋ ಅದರಂತೆ ಪಾಲು ಎಂದು ಇಬ್ಬರೂ ಒಪ್ಪಿಕೊಂಡರು. ಒಪ್ಪಿದ ದಿನದಿಂದಲೇ ಮನೆಯಲ್ಲಿ ಮಾತು ಕಮ್ಮಿಯಾಯಿತು. ಒಂದೇ ಒಲೆಯ ಮುಂದೆ ನಾನೂ ನನ್ನ ವಾರಗಿತ್ತಿಯೂ ನಿಂತು, "ಉಪ್ಪು ಎಲ್ಲಿ?" "ಅಲ್ಲಿದೆ" ಎನ್ನುವಷ್ಟರ ಮಟ್ಟಿಗೆ ಬಂದೆವು. ಶಿವನ ಮುಂದೆ ಕೂತು ನಾನು ಬೇಡಿಕೊಂಡದ್ದು ಒಂದೇ. ಬೇರೆಯಾಗಲಿ, ಆದರೆ ಮುಖ ತಿರುಗಿಸಿಕೊಂಡು ಹೋಗುವ ಹಾಗೆ ಆಗದಿರಲಿ.

ಆ ವರ್ಷ ಎಣಿಕೆಯ ದಿನ ಸರಿಯಾಗಿ ನವರಾತ್ರಿಯೊಳಗೆ ಬಂತು. ಲೆಕ್ಕದ ಪುಸ್ತಕಗಳನ್ನೆಲ್ಲ ನಾನು ಹಿಂದಿನ ದಿನವೇ ಸರಸ್ವತಿಯ ಮುಂದೆ ಪೂಜೆಗೆ ಇಟ್ಟುಬಿಟ್ಟಿದ್ದೆ. ವಿಜಯದಶಮಿಯವರೆಗೆ ಮುಟ್ಟುವಂತಿಲ್ಲ. ಅಕ್ಕೋರು ಬಂದಾಗ ಅಳುಕುತ್ತಲೇ ಹೇಳಿದೆ. ನಮ್ಮನೆಯವರು, "ಏನ್ ಹೆಂಗಸೇ ನೀನು, ಇವತ್ತೇ ಬೇಕಾಗಿತ್ತಾ?" ಎಂದು ಸಿಡುಕಿದರು. ಅಕ್ಕೋರು ದೇವರಿಗೆ ಕೈಮುಗಿದು ಬಂದು, "ಇರಲಿ ಬಿಡ್ರಿ, ಒಳ್ಳೇದೇ ಆಯ್ತು. ಪುಸ್ತಕ ಮುಂದಿಟ್ಕೊಂಡು ಎಣಿಸಿದ್ರೆ ಕಣ್ಣು ಪುಸ್ತಕದಲ್ಲಿದ್ದಷ್ಟನ್ನೇ ಎಣಿಸ್ತದೆ. ಬಿಡಿ ಹಾಳೆ ಕೊಡ್ರಿ" ಎಂದರು. ಆಮೇಲೆ ನನ್ನನ್ನೂ ವಾರಗಿತ್ತಿಯನ್ನೂ ಕರೆದು, "ಗಂಡಸರು ಬೇಡ, ಇಬ್ಬರ ಕಣ್ಣೂ ಪಾಲಿನ ಮೇಲಿದೆ. ನೀವಿಬ್ಬರು ಎಣಿಸ್ರಿ. ಒಬ್ಬರು ಹೇಳೋದು, ಒಬ್ಬರು ಬರೆಯೋದು" ಎಂದರು.

ಗೋಡೌನಿನಲ್ಲಿ ಅವಳು ಹೇಳುತ್ತಾ ಹೋದಳು, ನಾನು ಬರೆಯುತ್ತಾ ಹೋದೆ. ಬೇರೆ ಒಂದು ಮಾತಿಲ್ಲ. ಮೂಲೆಯಲ್ಲಿ ಪ್ಲಾಸ್ಟಿಕ್ಕಿನ ಅಸ್ಥಿಪಂಜರ ಒಂದು ಕಬ್ಬಿಣದ ಕೋಲಿಗೆ ನೇತಾಡುತ್ತಿತ್ತು. ಅದರ ಮುಂದೆ ನಿಂತು ಅವಳು, ಪಿಯುಸಿಯಲ್ಲಿ ಸೈನ್ಸ್ ಓದಿದವಳು, ತಲೆಯಿಂದ ಕಾಲಿನವರೆಗೆ ಅದನ್ನು ನೋಡಿದಳು.

"ಅಕ್ಕ, ಇವನನ್ನ ಒಂದು ಅಂತ ಬರೀತೀಯೋ, ಇನ್ನೂರಾ ಆರು ಅಂತ ಬರೀತೀಯೋ?"

ನನಗೆ ಮೊದಲು ಅರ್ಥವಾಗಲಿಲ್ಲ. ಮೂಳೆಯ ಲೆಕ್ಕ ಎಂದು ಹೊಳೆದಾಗ ನಗು ತಡೆಯಲಿಲ್ಲ. ಅವಳೂ ನಕ್ಕಳು. ಇಬ್ಬರೂ ಬೀಕರಿನ ಡಬ್ಬಗಳಿಗೆ ಒರಗಿ ಕಣ್ಣೀರು ಬರುವಷ್ಟು ನಕ್ಕೆವು. ಬಾಗಿಲಲ್ಲಿ ಅಕ್ಕೋರು ನಿಂತಿದ್ದರು, ಮುಖದಲ್ಲಿ ನಗುವಿನ ಎಳೆಯೂ ಇಲ್ಲ. "ಒಂದು ಅಂತ ಬರೀರಿ. ಆದರೆ ಕೈಬೆರಳೆಲ್ಲ ಇದಾವಾ ನೋಡ್ರಿ." ನೋಡಿದರೆ ಎಡಗೈ ಕಿರುಬೆರಳು ಇಲ್ಲ. "ಹಂಗಾದ್ರೆ ಬೆಲೆ ಇಳಿಸ್ರಿ" ಎಂದು ಹೊರಟುಹೋದರು.

ನಿಜವಾದ ಪರೀಕ್ಷೆ ಬಂದದ್ದು ವಿಜಯದಶಮಿಯ ಬೆಳಿಗ್ಗೆ, ಪುಸ್ತಕ ತೆರೆದು ಲೆಕ್ಕ ಕೂಡಿಸುವಾಗ. ಗಾಜಿನ ಪೆಟ್ಟಿಗೆಯೊಳಗಿನ ಹಳೆಯ ಹಿತ್ತಾಳೆ ತಕ್ಕಡಿಗಳು ನಮ್ಮಲ್ಲಿ ಬಹಳ ಉಳಿದಿದ್ದವು. ನಮ್ಮನೆಯವರು, "ಅವನ್ನೆಲ್ಲ ಸೊನ್ನೆ ಅಂತ ಬರ್ದುಬಿಡ್ರಿ ಅಕ್ಕೋರೆ. ಡಿಜಿಟಲ್ ಬಂದ ಮೇಲೆ ಇವನ್ನ ಯಾರು ತಗೋತಾರೆ?" ಎಂದರು. ಸೊನ್ನೆ ಬರೆದರೆ ತಮ್ಮನ ಪಾಲು ಅಷ್ಟು ಕಡಿಮೆಯಾಗುತ್ತದೆ ಎಂಬುದು ಅಡುಗೆಮನೆಯಲ್ಲಿದ್ದ ನನಗೂ ತಿಳಿಯಿತು.

"ಮಾರ್ಚಲ್ಲೂ ಡಿಜಿಟಲ್ ಇತ್ತಲ್ರೀ. ಆಗ ಅರ್ಧ ಬೆಲೆ ಬರೆಸಿದ್ರಿ. ಆಮೇಲೆ ಐದು ಹೋಗಿದಾವೆ, ಅದೇ ಬೆಲೆಗೆ."

ಮೈದುನ ತಡಮಾಡಲಿಲ್ಲ. "ಹಂಗಾದ್ರೆ ಹೋದ ತಿಂಗಳು ಕಾಲೇಜಿಗೆ ಕಳಿಸಿದ ಮೈಕ್ರೋಸ್ಕೋಪು ಮಾರಾಟ ಅಂತ ಸೇರಿಸ್ರಿ. ಲಾಭ ಬಂದ ಹಾಗೇ ಅಲ್ವಾ?"

"ಅವರು ಪೆಟ್ಟಿಗೆ ಬಿಚ್ಚಿಲ್ಲ, ಸಹಿ ಹಾಕಿಲ್ಲ. ಅದು ಇನ್ನೂ ನಮ್ಮ ಮಾಲೇ. ಅವರ ಮನೇಲಿ ನೆಂಟರ ಹಾಗೆ ಕೂತಿದೆ ಅಷ್ಟೆ."

ನಮ್ಮನೆಯವರ ದನಿ ಏರಿತು. "ಅಕ್ಕೋರೆ, ನಿಮಗೆ ಸಂಬಳ ಕೊಡ್ತಿರೋನು ನಾನು." ಅವರ ಬಾಯಲ್ಲಿ ಅಂಥ ಮಾತನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ.

ಅಕ್ಕೋರು ಹಸಿರು ಟೊಪ್ಪಿಗೆ ತೆಗೆದು ಮೇಜಿನ ಮೇಲಿಟ್ಟರು. ಊಟದ ಹೊತ್ತಲ್ಲದೆ ಅವರು ಅದನ್ನು ತೆಗೆದದ್ದನ್ನು ನಾನು ನೋಡಿದ್ದು ಅದೊಂದೇ ಸಲ. "ಹೌದ್ರೀ. ಬೇರೆಯವರನ್ನ ಕರೆಸ್ರಿ, ನನಗೇನೂ ಬೇಜಾರಿಲ್ಲ. ಅವರಿಗೂ ಮೊದಲು ಈ ಹಾಳೆ ಓದಿಸ್ರಿ. ಕೆಳಗೆ ಇಬ್ಬರದೂ ಸಹಿ ಇದೆ."

ಗಂಡಸರ ವ್ಯವಹಾರದಲ್ಲಿ ನಾನು ಬಾಯಿ ಹಾಕುವವಳಲ್ಲ. ಆದರೆ ಆ ಟೊಪ್ಪಿಗೆ ಮೇಜಿನ ಮೇಲೆ ಬಿದ್ದದ್ದು ನೋಡಿ ತಡೆಯಲಾಗದೆ ಹೊರಗೆ ಬಂದು, ಫೈಲು ಎತ್ತಿಕೊಂಡು, ಎಣಿಕೆಯ ದಿನ ಓದುವ ಹಾಗೆಯೇ ನಾಲ್ಕೂ ನಿಯಮ ಗಟ್ಟಿಯಾಗಿ ಓದಿದೆ. ಓದು ಮುಗಿದ ಮೇಲೆ ನಮ್ಮನೆಯವರು ತಮ್ಮನ ಮುಖ ನೋಡಿದರು. ತಮ್ಮ ನೆಲ ನೋಡುತ್ತಿದ್ದ.

"ಮಾರ್ಚಿನ ಹಾಗೇ ಬರೀರಿ ಅಕ್ಕೋರೆ," ಎಂದರು ನಮ್ಮನೆಯವರು ಕೊನೆಗೆ. "ನನ್ನ ಮಾತು ಮನಸ್ಸಿಗೆ ಹಚ್ಕೋಬ್ಯಾಡ್ರಿ."

"ಹಚ್ಕೊಳ್ಳೋದಕ್ಕೆ ನನಗೆಲ್ಲಿ ಪುರುಸೊತ್ತು, ಎರಡು ಪುಟ ಕೂಡಿಸೋದಿದೆ," ಎಂದು ಟೊಪ್ಪಿಗೆ ಬೆರಳಿಗೇರಿಸಿದರು.

ಸಂಜೆ ಅಣ್ಣ ತಮ್ಮ ಇಬ್ಬರೂ ಕೈಗೆ ಬನ್ನಿ ಕೊಟ್ಟುಕೊಂಡು ತಬ್ಬಿಕೊಂಡರು. ಲೆಕ್ಕದಲ್ಲಿ ಯಾರಿಗೆ ಎಷ್ಟು ಬಂತೆಂದು ನನಗೆ ಈಗ ನೆನಪಿಲ್ಲ. ಆ ಬನ್ನಿ ಎಲೆ ಮಾತ್ರ ದೇವರ ಪೆಟ್ಟಿಗೆಯಲ್ಲಿದೆ.

ಅಂದು ಅಕ್ಕೋರು ಮೊದಲ ಹಾಳೆಗೆ ಐದನೆಯ ನಿಯಮವೊಂದನ್ನು ಸೇರಿಸಿ ನಾಲ್ವರ ಸಹಿ ಹಾಕಿಸಿಕೊಂಡರು. ಹಬ್ಬದ ಗಡಿಬಿಡಿಯಲ್ಲಿ ನಾವು ಯಾರೂ ಸರಿಯಾಗಿ ಓದಲಿಲ್ಲ. ಮುಂದಿನ ಮಾರ್ಚಿನಲ್ಲಿ, ಮೈದುನನ ಸಂಸಾರ ಸೊರಬಕ್ಕೆ ಹೋಗಿ ಆಗಿತ್ತು, ನಾನೊಬ್ಬಳೇ ಎಣಿಕೆಗೆ ಕೂತೆ. ಅಕ್ಕೋರು ಕೇಳಿದರು, "ನಿಮ್ಮ ವಾರಗಿತ್ತಿ ಎಲ್ಲಿ?"

"ಅವಳ್ಯಾಕೆ ಅಕ್ಕೋರೆ? ಅವರದು ಬೇರೆ ಆಯ್ತಲ್ಲ."

"ಹಾಳೆ ಓದ್ರಿ."

ಓದಿದೆ. 'ಇಲ್ಲಿನ ಎಣಿಕೆಯನ್ನೂ ಸೊರಬದ ಎಣಿಕೆಯನ್ನೂ ಇಬ್ಬರು ಸೊಸೆಯಂದಿರು ಕೂಡಿಯೇ ಮಾಡತಕ್ಕದ್ದು.' ಅಕ್ಕೋರು ಫೋನು ನನ್ನ ಕೈಗೆ ಕೊಟ್ಟರು. ಅವಳು ಮಧ್ಯಾಹ್ನದ ಬಸ್ಸಿಗೆ ಬಂದಳು, ಬಯ್ಯುತ್ತಲೇ ಬಂದಳು, ಡಬ್ಬಿಯಲ್ಲಿ ಕೆಸುವಿನ ಪತ್ರೊಡೆ ತಂದಿದ್ದಳು. ಅಲ್ಲಿಂದೀಚೆಗೆ ವರ್ಷಕ್ಕೆರಡು ಸಲ ಅವಳು ಇಲ್ಲಿ, ಎರಡು ಸಲ ನಾನು ಅಲ್ಲಿ.

ಹೋದ ಶ್ರಾವಣದಲ್ಲಿ ಅಕ್ಕೋರು ಮಲಗಿದ ಹಾಸಿಗೆಯಲ್ಲೇ ಶಿವನ ಪಾದ ಸೇರಿದರು. ನೋವು ತಿನ್ನಲಿಲ್ಲ, ಅದೂ ಅವನ ಕರುಣೆ. ಅವರ ಪೆನ್ನು, ಅದರ ತಲೆಯ ಮೇಲಿನ ಹಸಿರು ಟೊಪ್ಪಿಗೆ ನಮ್ಮ ಮೇಜಿನ ಡ್ರಾಯರಿನಲ್ಲೇ ಉಳಿದಿದ್ದವು. ದಿನಾ ಪೂಜೆಯಾದ ಮೇಲೆ ದೇವರು ಕೊಟ್ಟದ್ದನ್ನು ಬೆರಳ ಮೇಲೆ ಎಣಿಸುವುದು ನನ್ನ ಅಭ್ಯಾಸ. ಬರಬಹುದಾದದ್ದನ್ನು ಬಿಟ್ಟು ಕೈಗೆ ಬಂದದ್ದನ್ನಷ್ಟೇ ಎಣಿಸುವುದನ್ನು ಕಲಿತದ್ದು ಅವರಿಂದ.

ಸೆಪ್ಟೆಂಬರ್ ಬಂತು. ನಮ್ಮನೆಯವರು, "ಇನ್ನು ಆ ಐದನೇ ನಿಯಮ ತೆಗೆದ್ರೂ ನಡೀತದೆ. ಪಾಪ, ಅವಳಿಗೂ ಓಡಾಟ" ಎಂದರು. ಮಾತು ಸರಿಯೇ. ಫೈಲು ತೆಗೆದು ಕೂತೆ. ನಿಯಮ ತೆಗೆಯಬೇಕಾದರೆ ಯಾಕೆಂದು ಬರೆಯಬೇಕು. ಪೆನ್ನು ಹಿಡಿದು ಅಡುಗೆಗೆ ತಡವಾಗುವಷ್ಟು ಹೊತ್ತು ಯೋಚಿಸಿದೆ. ಬರೆಯುವಂಥ ಕಾರಣ ಒಂದೂ ಸಿಗಲಿಲ್ಲ. ಫೈಲು ಮುಚ್ಚಿಟ್ಟೆ.

ಮರುದಿನ ವಾರಗಿತ್ತಿ ಮೊದಲ ಬಸ್ಸಿಗೇ ಬಂದಳು. ನಾನು ಹಾಳೆ ಓದಿದೆ. ಅವಳು ಟೊಪ್ಪಿಗೆಯನ್ನು ಬೆರಳಿಗೆ ಹಾಕಿಕೊಂಡು ಸೀದಾ ಮೂಲೆಗೆ ಹೋಗಿ, ಇನ್ನೂ ಮಾರಾಟವಾಗದ ಆ ಅಸ್ಥಿಪಂಜರದವನ ಎಡಗೈ ಎತ್ತಿ, ಉಳಿದ ನಾಲ್ಕು ಬೆರಳನ್ನೂ ಒಂದೊಂದಾಗಿ ಮುಟ್ಟಿ ನೋಡಿದಳು.

"ಒಂದು," ಎಂದಳು.

ಒಂದು ಎಂದು ಬರೆದೆ.