ದನದ ಡಾಕ್ಟರ ಮುಂದೆ ಕಂಪ್ಯೂಟರ್ ಮೇಷ್ಟ್ರು

ಆಗ ನನಗೆ ಅರವತ್ತೆರಡು. ಒಂಬತ್ತು ವರ್ಷದ ಹಿಂದಿನ ಮಾತು. ಭದ್ರಾವತಿಯ ನ್ಯೂ ಟೌನಿನಲ್ಲಿ ನಮ್ಮ ಮನೆಯ ಕೋಣೆಯಲ್ಲಿ ಬಾಡಿಗೆಗಿದ್ದ ಕಂಪ್ಯೂಟರ್ ಮೇಷ್ಟ್ರು ಗಾಳಿಯಲ್ಲಿ ಬೆರಳಾಡಿಸುತ್ತ ನನಗೂ ಪಾಠ ಹೇಳುತ್ತಿದ್ದರು: "ಎಲ್ಲ ಪ್ರಾಣಿ ನೋಡೋ ಡಾಕ್ಟರು ಹಸುವಿಗೂ ಆಗ್ತಾರೆ. ಬರೀ ಹಸು ಡಾಕ್ಟರು ಎಲ್ಲ ಪ್ರಾಣಿಗೂ ಆಗಲ್ಲ. ಇದಕ್ಕೇ ನಮ್ಮ ಕಂಪ್ಯೂಟರ್ ಭಾಷೇಲಿ ಕಾಂಟ್ರಾವೇರಿಯನ್ಸ್ ಅನ್ನೋದು. ಟೈಪ್, ಅಂದ್ರೆ ಯಾವ ಬಗೆ ಅನ್ನೋದು, ಸರಿ ಇದ್ರೆ ಸಾಕು."

ಒಮ್ಮೆ ಮೇಷ್ಟ್ರಿಗೆ ಜ್ವರ ಬಂದು ಕಣ್ಣು ಹಳದಿಯಾದರೂ ಸೂಜಿಗೆ ಹೆದರಿ ಆಸ್ಪತ್ರೆಗೆ ಹೋಗಲಿಲ್ಲ. ಸಂಜೆ ನಮ್ಮ ಹಸು ನೋಡಲು ಬಂದ ದನದ ಡಾಕ್ಟರಿಗೆ ನಾಲಿಗೆ ಚಾಚಿದರು.

"ನೀವು ಎಲ್ಲ ಪ್ರಾಣಿ ನೋಡ್ತೀರಿ. ಮನುಷ್ಯನೂ ಪ್ರಾಣಿನೇ. ಟೈಪ್ ಸರಿ ಇದೆ ಸಾರ್."

"ನಾಲ್ಕು ಕಾಲಿದ್ರೆ ನೋಡ್ತೀನಿ ಮಾರಾಯ."

ಮೇಷ್ಟ್ರು ಅಂಗೈ ನೆಲಕ್ಕೂರಿ ನಾಲ್ಕು ಕಾಲಾಗಿ ಹಸುವಿನ ಪಕ್ಕ ನಿಂತೇಬಿಟ್ಟರು. ಡಾಕ್ಟರು ಅವರ ಕಣ್ಣು ನೋಡಿ ನಗು ನಿಲ್ಲಿಸಿ ನನ್ನತ್ತ ತಿರುಗಿದರು. "ಅಜ್ಜಿ, ಇದು ಕಾಮಾಲೆ. ಇನ್ನೂ ತಡ ಮಾಡಿದ್ರೆ ಈ ಪ್ರಾಣಿ ಉಳಿಯಲ್ಲ."

ಮರುದಿನ ಬೆಳಿಗ್ಗೆ ಹಸುವಿನ ಹಗ್ಗ ಬಿಚ್ಚಿ ಮೇಷ್ಟ್ರ ಸೊಂಟಕ್ಕೆ ಕಟ್ಟಿ ಶಿವಮೊಗ್ಗದ ದೊಡ್ಡಾಸ್ಪತ್ರೆಯ ಬಸ್ಸು ಹತ್ತಿಸಿದೆ.